ಇಪ್ಪತ್ತೈದು ಸುತ್ತುಗಳ ಹಾದಿ

1964ನೆಯ ಇಸವಿ, ಮೇ ತಿಂಗಳ 23ನೆಯ ತಾರೀಖು. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸಮೀಪದ ವೈಟ್ ದ್ವೀಪದಲ್ಲಿ ಅಂದು ಒಂದು ಮ್ಯಾರಥಾನ್ ಓಟ. ಸ್ಪರ್ಧೆಗೆ ಬಂದವರು ಗಂಡಸರು. ಅವರ ನಡುವೆ ಒಬ್ಬಾಕೆ ಮಾತ್ರ ಹೆಣ್ಣು. ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಡೇಲ್ ಗ್ರೇಗ್ ಎಂಬುದು ಆಕೆಯ ಹೆಸರು. ಆಕೆ ಓಡತೊಡಗಿದಾಗ ಬೆನ್ನ ಹಿಂದೆಯೇ ಒಂದು ಆಂಬ್ಯುಲೆನ್ಸ್ ಗಾಡಿಯೂ ಹೊರಟಿತು. ಹೆಂಗಸು ಇಪ್ಪತ್ತಾರು ಮೈಲಿ ಓಡುವುದೆಂದರೇನು, ದಾರಿಯಲ್ಲಿ ಎಲ್ಲಿಯಾದರೂ ಕುಸಿದು ಬಿದ್ದರೆ ಎತ್ತಿಕೊಂಡು ಹೋಗಲು ಒಂದು ವಾಹನ ಬೇಡವೆ, ಎಂಬುದು ಆ ಕಾಲದ ಕಾಳಜಿ. ಆಕೆ ಕುಸಿಯಲಿಲ್ಲ. 3 ಗಂಟೆ 27 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿದಳು. ಗಾಡಿ ಬರಿದಾಗಿಯೇ ಹಿಂದಿರುಗಿತು.

ಮರುದಿನ, ಅಂದರೆ ಮೇ 24ರಂದು, ಅದೇ ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಆ ಮಗುವಿನ ಹೆಸರು ಎಲಿಜಬೆತ್ ಲಿಂಚ್. ಮುಂದೆ ಲಿಜ್ ಮೆಕಾಲ್ಗನ್ ಎಂಬ ಹೆಸರಿನಿಂದ ಲೋಕಪ್ರಸಿದ್ಧಳಾದ ಓಟಗಾತಿ ಈಕೆಯೇ. ಈ ಎರಡು ದಿನಗಳು ಒಂದರ ಪಕ್ಕದಲ್ಲೊಂದು ಬಂದುದು ಆಕಸ್ಮಿಕ. ಆದರೂ ಈ ಆಕಸ್ಮಿಕವನ್ನು ನೆನಪಿನಲ್ಲಿಟ್ಟುಕೊಂಡರೆ ಲಿಜ್‌ಳ ಬಾಳಿನ ಅರ್ಥ ನಮಗೆ ಸುಲಭವಾಗಿ ತೆರೆದುಕೊಳ್ಳುತ್ತದೆ. ಹೆಣ್ಣಿನ ಬೆನ್ನ ಹಿಂದೆ ಹೊರಟ ಆ ಆಂಬ್ಯುಲೆನ್ಸ್ ಒಂದು ದಿನದ ಗಾಡಿಯಲ್ಲ. ಅದು ಒಂದು ಶತಮಾನದ ಸಂಶಯ. ಆ ಸಂಶಯಕ್ಕೆ ವಾದದಿಂದಲ್ಲ, ಕಾಲ್ನಡೆಯಿಂದ ಉತ್ತರ ಕೊಟ್ಟವರಲ್ಲಿ ಈಕೆ ಪ್ರಮುಖಳು. ಈಕೆಯ ಕಥೆಯನ್ನು ಇಂದು ತಮ್ಮ ಮುಂದೆ ಇಡಬೇಕೆಂದು ನನ್ನ ಅಪೇಕ್ಷೆ.

ಆ ಸಂಶಯದ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ತ್ರೀಯರಿಗೆ 800 ಮೀಟರ್ ಓಟವನ್ನು ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ಗೆದ್ದಳು. ಓಟ ಮುಗಿದ ಮೇಲೆ ಬಳಲಿದವರು ಬಳಲಿದಂತೆ ಕಂಡರು. ಓಡಿ ಬಂದ ಗಂಡಸರೂ ಹಾಗೆಯೇ ಏದುಸಿರು ಬಿಡುತ್ತಾರೆ, ಹುಲ್ಲಿನ ಮೇಲೆ ಉರುಳುತ್ತಾರೆ. ಅದನ್ನು ಯಾರೂ ಸುದ್ದಿ ಮಾಡುವುದಿಲ್ಲ. ಆದರೆ ಅಂದಿನ ಪತ್ರಿಕೆಗಳು ಈ ದೃಶ್ಯವನ್ನು ಮಹಾ ದುರಂತವೆಂಬಂತೆ ಬಣ್ಣಿಸಿದವು. ಪರಿಣಾಮವಾಗಿ ಆ ಓಟವನ್ನೇ ಕಿತ್ತುಹಾಕಿದರು. ಮುಂದೆ 1960ರ ತನಕ, 32 ವರ್ಷಗಳ ಕಾಲ, ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 200 ಮೀಟರಿಗಿಂತ ದೀರ್ಘವಾದ ಓಟವೇ ಇರಲಿಲ್ಲ. 1500 ಮೀಟರ್ ಬಂದದ್ದು 1972ರಲ್ಲಿ. 3000 ಮೀಟರ್ ಮತ್ತು ಮ್ಯಾರಥಾನ್ 1984ರಲ್ಲಿ. 10,000 ಮೀಟರ್ ಬಂದದ್ದು 1988ರಲ್ಲಿ. ಒಂದೊಂದು ಬಾಗಿಲೂ ಎಷ್ಟು ತಡವಾಗಿ, ಎಷ್ಟು ಅನುಮಾನಿಸುತ್ತಾ ತೆರೆಯಿತೆಂಬುದನ್ನು ಈ ಇಸವಿಗಳೇ ಹೇಳುತ್ತವೆ. ಲಿಜ್ ಮೆಕಾಲ್ಗನ್‌ಳ ಹೆಸರು ಮುಖ್ಯವಾಗಿ ಅಂಟಿಕೊಂಡಿರುವುದು ಕೊನೆಯದಾಗಿ ತೆರೆದ ಬಾಗಿಲಿಗೆ: 10,000 ಮೀಟರ್ ಓಟಕ್ಕೆ. 400 ಮೀಟರಿನ ಓಟದ ಹಾದಿಯಲ್ಲಿ ಅದು 25 ಸುತ್ತುಗಳು.

ಆಕೆ ಹುಟ್ಟಿದ ಡಂಡೀ ನಗರ ನಮಗೆ ತೀರ ಅಪರಿಚಿತವೇನೂ ಅಲ್ಲ. ಭಾರತದ ಆರ್ಥಿಕ ಚರಿತ್ರೆಯನ್ನು ಓದಿದವರಿಗೆ ಆ ಹೆಸರು ಗೊತ್ತು. ಬಂಗಾಳದ ಹೊಲಗಳಲ್ಲಿ ಬೆಳೆದ ಸೆಣಬು ಹಡಗು ಹತ್ತಿ ಹೋಗುತ್ತಿದ್ದುದು ಆ ಊರಿಗೆ. ಅಲ್ಲಿ ಅದನ್ನು ತಿಮಿಂಗಿಲದ ಎಣ್ಣೆಯಲ್ಲಿ ಮೆದುಗೊಳಿಸಿ, ನೂತು, ನೇಯ್ದು, ಗೋಣಿಯ ಬಟ್ಟೆ ಮಾಡಿ ಲೋಕಕ್ಕೆಲ್ಲ ಮಾರುತ್ತಿದ್ದರು. ಆ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಕಡಿಮೆ ಕೂಲಿಗೆ ಸಿಗುತ್ತಾರೆಂಬ ಕಾರಣಕ್ಕೆ ಅವರನ್ನು ಸೇರಿಸಿಕೊಳ್ಳುತ್ತಿದ್ದರು. ಗಂಡ ಮನೆಯಲ್ಲಿ, ಹೆಂಡತಿ ಗಿರಣಿಯಲ್ಲಿ ಎಂಬಂಥ ಸಂಸಾರಗಳು ಅಲ್ಲಿ ಸಾಮಾನ್ಯವಾಗಿದ್ದುವು. ಗದ್ದಲದ ಯಂತ್ರಗಳ ಮುಂದೆ ದಿನವಿಡೀ ನಿಂತು ದುಡಿಯುವ ಹೆಣ್ಣಿನ ಹಿಂದೆ ಯಾರೂ ಆಂಬ್ಯುಲೆನ್ಸ್ ಕಳಿಸಲಿಲ್ಲ ಎಂಬ ಮಾತನ್ನೂ ಇಲ್ಲಿ ನಾವು ನೆನೆಯಬಹುದು. ದುಡಿಮೆಗೆ ಬಲಶಾಲಿಯಾದ ಹೆಣ್ಣು ಆಟಕ್ಕೆ ಮಾತ್ರ ಅಬಲೆಯಾಗುವುದು ವಿಚಿತ್ರವಷ್ಟೆ.

ಲಿಜ್ ಬೆಳೆದದ್ದು ಆ ನಗರದ ವಿಟ್‌ಫೀಲ್ಡ್ ಎಂಬ ಬಡಾವಣೆಯಲ್ಲಿ; ನಗರಸಭೆ ಕೆಲಸಗಾರರ ಸಂಸಾರಗಳಿಗಾಗಿ ಕಟ್ಟಿಸಿದ ಮನೆಗಳ ನಡುವೆ. ಬಾಲ್ಯದಲ್ಲೇ ಹಾಕ್‌ಹಿಲ್ ಹ್ಯಾರಿಯರ್ಸ್ ಎಂಬ ಓಟಗಾರರ ಸಂಘಕ್ಕೆ ಸೇರಿದಳು. ಅಲ್ಲಿ ಹ್ಯಾರಿ ಬೆನೆಟ್ ಎಂಬ ಗುರು ದೊರೆತರು. ಶಾಲೆ ಬಿಟ್ಟ ಮೇಲೆ ಸೆಣಬಿನ ಗಿರಣಿಯಲ್ಲಿ ಕೆಲವು ಕಾಲ ಕೆಲಸ ಮಾಡಿದಳು. ಅಷ್ಟು ಹೊತ್ತಿಗೆ ಆ ಉದ್ಯಮ ಕೊನೆಯುಸಿರು ಎಳೆಯುತ್ತಿತ್ತು. ಶತಮಾನ ಮುಗಿಯುವುದರೊಳಗೆ ಗಿರಣಿಗಳೆಲ್ಲ ಮುಚ್ಚಿದವು. ಓಟವೇ ಆಕೆಯನ್ನು ಅಲ್ಲಿಂದ ಹೊರಕ್ಕೆ ಕರೆದೊಯ್ದಿತು. ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ, ಮೊದಲು ಐಡಹೋದ ಒಂದು ಕಾಲೇಜಿನಲ್ಲಿಯೂ ಬಳಿಕ ಅಲಬಾಮ ವಿಶ್ವವಿದ್ಯಾನಿಲಯದಲ್ಲಿಯೂ ಓದಿದಳು.

1986ರಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ನಡೆದುವು. ಆ ಕ್ರೀಡೆಗಳಿಗೆ ಭಾರತ ಹೋಗಲಿಲ್ಲವೆಂಬುದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿಷಯದಲ್ಲಿ ಬ್ರಿಟನ್ನಿನ ಸರಕಾರ ತಳೆದ ಮೆದು ಧೋರಣೆಯನ್ನು ಪ್ರತಿಭಟಿಸಿ 32 ದೇಶಗಳು ದೂರ ಉಳಿದುವು. ಅರ್ಧಕ್ಕಿಂತ ಹೆಚ್ಚು ಅತಿಥಿಗಳು ಬಾರದ ಮದುವೆಯ ಮನೆಯಂತಿದ್ದ ಆ ಕ್ರೀಡೆಗಳಲ್ಲಿ, ಹೆಂಗಸರ 10,000 ಮೀಟರ್ ಓಟವನ್ನು ಮೊದಲ ಬಾರಿಗೆ ಇಟ್ಟಿದ್ದರು. 22 ವರ್ಷದ ಲಿಜ್ ಲಿಂಚ್ ಅದನ್ನು 31 ನಿಮಿಷ 41 ಸೆಕೆಂಡುಗಳಲ್ಲಿ ಓಡಿ ಗೆದ್ದಳು. ಅತಿಥೇಯ ರಾಷ್ಟ್ರವಾದ ಸ್ಕಾಟ್ಲೆಂಡಿಗೆ ಓಟ ನೆಗೆತ ಎಸೆತಗಳ ವಿಭಾಗದಲ್ಲೆಲ್ಲ ದೊರೆತ ಚಿನ್ನ ಅದೊಂದೇ. ಮರುವರ್ಷ ಉತ್ತರ ಐರ್ಲೆಂಡಿನ ಓಟಗಾರ ಪೀಟರ್ ಮೆಕಾಲ್ಗನ್‌ನನ್ನು ಮದುವೆಯಾಗಿ, ಲೋಕಕ್ಕೆ ಪರಿಚಿತವಾದ ಹೆಸರನ್ನು ಪಡೆದಳು.

ಆಕೆ ಓಡುತ್ತಿದ್ದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದೂರದ ಓಟದಲ್ಲಿ ಮುಂದೆ ಓಡುವುದು ನಷ್ಟದ ವ್ಯಾಪಾರ. ಮುಂದಿನವರು ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಹಿಂದಿನವರಿಗೆ ಅವರ ಮರೆಯ ಆಸರೆ. ವೇಗವನ್ನು ನಿರ್ಧರಿಸುವ ಹೊಣೆ ಮುಂದಿನವರದು. ಹಿಂದಿನವರು ಆ ಬೆನ್ನನ್ನು ನೋಡುತ್ತ ಓಡಿದರೆ ಸಾಕು, ಚಿಂತೆಯಿಲ್ಲ. ಹೀಗೆ 24 ಸುತ್ತು ಶಕ್ತಿಯನ್ನು ಉಳಿಸಿಕೊಂಡು, ಕೊನೆಯ ಸುತ್ತಿನಲ್ಲಿ ಬಾಣದಂತೆ ನುಗ್ಗಿ ಗೆಲ್ಲುವುದು ಜಾಣರ ಮಾರ್ಗ. ಆದರೆ ಅಂಥ ಕೊನೆಯ ನುಗ್ಗು ಎಲ್ಲರಿಗೂ ಒಲಿಯುವುದಿಲ್ಲ. ಅದು ಸ್ನಾಯುಗಳ ಜನ್ಮಗುಣ. ಅಭ್ಯಾಸದಿಂದ ಸ್ವಲ್ಪ ಮಟ್ಟಿಗೆ ಮಾತ್ರ ಸಿದ್ಧಿಸುತ್ತದೆ. ಲಿಜ್‌ಗೆ ಅದು ಒಲಿದಿರಲಿಲ್ಲ. ಅದಿಲ್ಲದವರಿಗೆ ಉಳಿಯುವ ದಾರಿ ಒಂದೇ: ಆರಂಭದಿಂದಲೇ ಮುಂದೆ ನಿಂತು, ಯಾರೂ ನೆಮ್ಮದಿಯಿಂದ ಹಿಂಬಾಲಿಸಲಾಗದಷ್ಟು ಬಿರುಸಾಗಿ ಓಡಿ, ಜಾಣರ ಕಾಲಿನಲ್ಲಿ ಕೊನೆಯ ಸುತ್ತಿಗೆ ಕಸುವೇ ಉಳಿಯದಂತೆ ಮಾಡುವುದು. ತನ್ನನ್ನು ದಣಿಸಿಕೊಂಡು ಇತರರನ್ನು ದಣಿಸುವ ಈ ಮಾರ್ಗದಲ್ಲಿ ಮರೆಮಾಚುವುದಕ್ಕೆ ಏನೂ ಇಲ್ಲ. ಗೆದ್ದರೆ ಎಲ್ಲರ ಕಣ್ಣೆದುರಿಗೆ ಗೆಲುವು. ಸೋತರೂ ಎಲ್ಲರ ಕಣ್ಣೆದುರಿಗೇ ಸೋಲು.

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಆಕೆ ಕಂಡದ್ದು ಎರಡನೆಯದನ್ನು. ಒಲಿಂಪಿಕ್ ಚರಿತ್ರೆಯಲ್ಲಿ ಹೆಂಗಸರ ಪ್ರಥಮ 10,000 ಮೀಟರ್ ಓಟ ಅದು. ವಿಶ್ವದಾಖಲೆಯ ಒಡತಿಯಾಗಿದ್ದ ನಾರ್ವೆಯ ಇಂಗ್ರಿಡ್ ಕ್ರಿಸ್ಟಿಯಾನ್‌ಸೆನ್ ಕಾಲು ನೋವಿನಿಂದ ನಡುವೆಯೇ ನಿಂತಳು. ಲಿಜ್ ಮುಂದಾಳಾಗಿ ಓಡಿದಳು. ಕೊನೆಯ ಸುತ್ತಿನಲ್ಲಿ, ಆಕೆಯ ಬೆನ್ನಿಗೆ ಅಂಟಿ ಬಂದ ಸೋವಿಯತ್ ದೇಶದ ಓಲ್ಗಾ ಬೊಂಡರೆಂಕೊ ಪಕ್ಕಕ್ಕೆ ಸರಿದು ಮುಂದೆ ಹಾರಿದಳು. 25 ಸುತ್ತುಗಳ ಶ್ರಮದ ಕೊನೆಗೆ ಉಳಿದದ್ದು ಮೂರು ಸೆಕೆಂಡುಗಳ ಅಂತರ ಮತ್ತು ಬೆಳ್ಳಿಯ ಪದಕ.

1990ರ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕಾಮನ್‌ವೆಲ್ತ್ ಚಿನ್ನವನ್ನು ಮತ್ತೊಮ್ಮೆ ಗೆದ್ದಳು. ಅದೇ ವರ್ಷ ನವೆಂಬರ್ 25ರಂದು ಡಂಡೀಯಲ್ಲಿ ಆಕೆಗೆ ಹೆಣ್ಣು ಮಗುವಾಯಿತು. ಐಲಿಶ್ ಎಂದು ಹೆಸರಿಟ್ಟರು.

ಇಲ್ಲಿಂದ ಮುಂದಿನ ಒಂಬತ್ತು ತಿಂಗಳುಗಳೇ ಈ ಕಥೆಯ ಹೃದಯ. ಬಾಣಂತಿಯೆಂದರೆ ಬೆಚ್ಚಗೆ ಹೊದೆದು ಮಲಗಬೇಕು, ತಣ್ಣೀರು ಮುಟ್ಟಬಾರದು, ಗಾಳಿಗೆ ಕೂರಬಾರದು ಎಂಬ ನಿಯಮಗಳ ನಡುವೆ ಬೆಳೆದವರು ನಾವು. ಆ ನಿಯಮಗಳಲ್ಲಿ ಹೆಣ್ಣಿನ ದೇಹದ ಬಗೆಗೆ ನಿಜವಾದ ಕರುಣೆಯೂ ಇದೆ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ. ಲಿಜ್ ಹೆರಿಗೆಯಾದ ಕೆಲವೇ ದಿನಗಳಲ್ಲಿ ಓಡತೊಡಗಿದಳೆಂಬುದನ್ನು ಎಲ್ಲ ತಾಯಂದಿರಿಗೂ ಒಂದು ವಿಧಿಯೆಂಬಂತೆ ಹೇಳುವುದು ತಪ್ಪಾದೀತು. ವರ್ಷಗಟ್ಟಲೆ ಪಳಗಿದ ದೇಹ ಆಕೆಯದು. ಆಕೆಯೇ ಇಂಥ ಮೊದಲ ತಾಯಿಯೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಹಾಲೆಂಡಿನ ಫ್ಯಾನಿ ಬ್ಲಾಂಕರ್ಸ್ ಕೂನ್ ಎರಡು ಮಕ್ಕಳ ತಾಯಿ. ಈಗ ತಾನೇ ಹೆಸರಿಸಿದ ಕ್ರಿಸ್ಟಿಯಾನ್‌ಸೆನ್ ಕೂಡ ತಾಯಿಯಾದ ಮೇಲೆಯೇ ತನ್ನ ದೊಡ್ಡ ದಾಖಲೆಗಳನ್ನು ಸ್ಥಾಪಿಸಿದವಳು. ಆದರೆ ಹೆರಿಗೆಯಾದ ವರ್ಷದೊಳಗೆ, ದೂರದ ಓಟದ ಅತ್ಯುನ್ನತ ಸ್ಪರ್ಧೆಯಲ್ಲಿ, ಲೋಕವೆಲ್ಲ ನೋಡುತ್ತಿರುವಾಗ ಸಂಶಯಕ್ಕೆ ಎಡೆಯಿಲ್ಲದಂತೆ ಗೆಲ್ಲುವುದು ಬೇರೆಯೇ ಮಾತು.

ಮಗುವಿಗೆ ನಾಲ್ಕು ತಿಂಗಳಾಗುವ ಹೊತ್ತಿಗೆ, 1991ರ ಮಾರ್ಚಿಯಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿ ನಡೆದ ವಿಶ್ವ ಗುಡ್ಡಗಾಡು ಓಟದಲ್ಲಿ ಮೂರನೆಯವಳಾಗಿ ಬಂದಳು. ಜೂನ್ ತಿಂಗಳಲ್ಲಿ ಹಾಲೆಂಡಿನ ಹೆಂಗೆಲೊ ಎಂಬಲ್ಲಿ 10,000 ಮೀಟರನ್ನು 30 ನಿಮಿಷ 57 ಸೆಕೆಂಡುಗಳಲ್ಲಿ ಓಡಿದಳು. ಆಕೆಯ ಜೀವಮಾನದ ಅತಿ ವೇಗದ ಓಟ ಅದೇ. ತಾಯಿಯಾಗುವ ಮುನ್ನ ಸಾಧಿಸದೆ ಇದ್ದುದನ್ನು ತಾಯಿಯಾದ ಮೇಲೆ ಸಾಧಿಸಿದಳು.

ಆಗಸ್ಟ್ 30. ಟೋಕಿಯೋದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಒಂಬತ್ತು ತಿಂಗಳು ಹೊತ್ತವಳು, ಹೆತ್ತು ಒಂಬತ್ತು ತಿಂಗಳ ಮೇಲೆ ಗೆರೆಯ ಬಳಿ ನಿಂತಿದ್ದಳು. ಬೇಸಗೆಯ ಸೆಕೆ, ತೇವ ತುಂಬಿದ, ಬೆವರು ಆರದ ಗಾಳಿ. ಇಂಥ ಹವೆಯಲ್ಲಿ ದೇಹದ ಶಾಖ ಹೊರಕ್ಕೆ ಹೋಗುವುದಿಲ್ಲ. ಎಚ್ಚರವುಳ್ಳವರು ನಿಧಾನವಾಗಿ ಹೊರಟು ಕೊನೆಗೆ ಕಾದಿರುತ್ತಾರೆ. ಲಿಜ್ ಕಾಯಲಿಲ್ಲ. ಮುಂದೆ ನಿಂತು, ಸುತ್ತೊಂದಕ್ಕೆ ಸರಾಸರಿ 75 ಸೆಕೆಂಡಿನಂತೆ, ಗಡಿಯಾರದ ಮುಳ್ಳಿನ ಹಾಗೆ ಓಡತೊಡಗಿದಳು. ಹಿಂದಿನ ಚಾಂಪಿಯನ್ ಕ್ರಿಸ್ಟಿಯಾನ್‌ಸೆನ್ ಹಿಂದುಳಿದಳು. ಇಥಿಯೋಪಿಯದ ಎಳೆಯ ಓಟಗಾತಿ ಡೆರಾರ್ಟು ತುಲು ಹಿಂದುಳಿದಳು. ಕೊನೆಯ ಸುತ್ತಿನ ಘಂಟೆ ಬಾರಿಸಿದಾಗ, ಸೋಲ್‌ನಲ್ಲಿ ಆದಂತೆ ಬೆನ್ನ ಹಿಂದಿನಿಂದ ಹಾರಿ ಬರಲು ಯಾರೂ ಇರಲಿಲ್ಲ. 31 ನಿಮಿಷ 14 ಸೆಕೆಂಡುಗಳಲ್ಲಿ ಆಕೆ ಗುರಿ ಸೇರಿದಳು. ಎರಡನೆಯವಳಾದ ಚೀನದ ಜೋಂಗ್ ಹ್ವಾಂಡಿ ಗುರಿ ಮುಟ್ಟಿದ್ದು 20 ಸೆಕೆಂಡುಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ವೈಟ್ ದ್ವೀಪದಲ್ಲಿ ಹೆಣ್ಣಿನ ಹಿಂದೆ ಆಂಬ್ಯುಲೆನ್ಸ್ ಹೊರಟು ಅಷ್ಟು ಹೊತ್ತಿಗೆ 27 ವರ್ಷವಾಗಿತ್ತು. ಟೋಕಿಯೋದಲ್ಲಿ ಹೆಣ್ಣಿನ ಹಿಂದೆ ಇದ್ದದ್ದು ಬರಿಯ ಹಾದಿ.

ಅದೇ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಬಾಳಿನ ಮೊದಲನೆಯ ಮ್ಯಾರಥಾನ್ ಓಡಿ, 2 ಗಂಟೆ 27 ನಿಮಿಷ 32 ಸೆಕೆಂಡುಗಳಲ್ಲಿ ಗೆದ್ದಳು. ಮೊದಲ ಯತ್ನದಲ್ಲಿ ಅಷ್ಟು ವೇಗವಾಗಿ ಆವರೆಗೆ ಯಾವ ಹೆಣ್ಣೂ ಓಡಿರಲಿಲ್ಲ. 1964ರ ಡೇಲ್ ಗ್ರೇಗ್‌ಳ ಸಮಯಕ್ಕಿಂತ ಇದು ಸರಿಯಾಗಿ ಒಂದು ಗಂಟೆ 13 ಸೆಕೆಂಡು ಕಡಿಮೆ. ಒಂದು ತಲೆಮಾರಿನಲ್ಲಿ ಹೆಣ್ಣಿನ ದೇಹರಚನೆಯೇನೂ ಬದಲಾಗಿರಲಾರದು. ಬದಲಾದದ್ದು ಓಡುವ ಅವಕಾಶ, ತರಬೇತಿ ಮತ್ತು ಓಡಬಹುದೆಂಬ ನಂಬಿಕೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಸೊಗಸಾಗಿರುತ್ತಿತ್ತು. ಆದರೆ ಬಾಳು ಸೊಗಸಿಗಾಗಿ ನಿಲ್ಲುವುದಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಆಕೆಯದೇ ಎಂದು ಹಲವರು ನಂಬಿದ್ದರು. ಎಂದಿನಂತೆ ಮುಂದೆ ನಿಂತು ಓಡಿದಳು. ನಡುದಾರಿ ಕಳೆದ ಮೇಲೆ ದಕ್ಷಿಣ ಆಫ್ರಿಕದ ಎಲಾನಾ ಮೇಯರ್ ಹಾರಿ ಹೋದಳು; ಆಕೆಯ ನೆರಳಿನಂತೆ ತುಲು ಹೋದಳು. ಲಿಜ್‌ಗೆ ದೊರೆತದ್ದು ಐದನೆಯ ಸ್ಥಾನ. ಕೊನೆಯ ಸುತ್ತಿನಲ್ಲಿ ತುಲು ಗೆದ್ದು, ಒಲಿಂಪಿಕ್ ಚಿನ್ನ ಪಡೆದ ಪ್ರಥಮ ಕರಿಯ ಆಫ್ರಿಕನ್ ಮಹಿಳೆಯಾದಳು. ಆ ಬಳಿಕ ಕರಿಯಳಾದ ಇಥಿಯೋಪಿಯದ ತುಲು ಮತ್ತು ಬಿಳಿಯಳಾದ ದಕ್ಷಿಣ ಆಫ್ರಿಕದ ಮೇಯರ್ ಕೈ ಕೈ ಹಿಡಿದು ಕ್ರೀಡಾಂಗಣವನ್ನು ಸುತ್ತು ಬಂದರು. ಆರು ವರ್ಷಗಳ ಹಿಂದೆ ವರ್ಣಭೇದದ ಕಾರಣದಿಂದ ಅರ್ಧ ಬರಿದಾಗಿದ್ದ ಎಡಿನ್‌ಬರೋದಲ್ಲಿ ಮೊದಲ ಕೀರ್ತಿಯನ್ನು ಪಡೆದ ಲಿಜ್, ವರ್ಣಭೇದ ಕಳಚಿ ಬೀಳುತ್ತಿದ್ದ ಆ ಹೊತ್ತಿನಲ್ಲಿ ಸೋತು ನಿಂತಿದ್ದಳು. ಆಕೆಗೆ ಅದು ಕಹಿಯೇ ಇರಬೇಕು. ಆದರೆ ಬಾಗಿಲು ತೆರೆಯಿತೆಂದ ಮೇಲೆ ಅದರಲ್ಲಿ ಒಬ್ಬರೇ ಬರುವುದಿಲ್ಲವಲ್ಲ! ಹೆಣ್ಣಿಗೆ ತೆರೆದ ಹಾದಿ ಕರಿಯ ಹೆಣ್ಣಿಗೂ ತೆರೆಯಿತು. ಅಂದಿನಿಂದ ದೂರದ ಓಟದ ರಾಜ್ಯಭಾರವನ್ನು ಬಹುಮಟ್ಟಿಗೆ ಪೂರ್ವ ಆಫ್ರಿಕದ ಸ್ತ್ರೀಯರೇ ನಡೆಸಿದ್ದಾರೆ.

ಆ ವರ್ಷವೇ ಪ್ರಥಮ ವಿಶ್ವ ಅರೆ ಮ್ಯಾರಥಾನನ್ನೂ ಟೋಕಿಯೋ ಮ್ಯಾರಥಾನನ್ನೂ ಗೆದ್ದಳೆಂಬುದು ನಿಜ. ಆಮೇಲೆ ಪೆಟ್ಟುಗಳು ಬಂದುವು, ಶಸ್ತ್ರಚಿಕಿತ್ಸೆಗಳಾದುವು. ಇನ್ನು ಓಡಲಾಗದೆಂದು ವೈದ್ಯರು ಹೇಳಿದ್ದೂ ಉಂಟು. ನಾರ್ವೆಯ ಮಹಾ ಓಟಗಾತಿ ಗ್ರೆಟೆ ವೈಟ್ಸ್‌ಳ ಮಾರ್ಗದರ್ಶನ ಪಡೆದು, 1996ರಲ್ಲಿ ಲಂಡನ್ ಮ್ಯಾರಥಾನನ್ನು ಗೆದ್ದಳು. ಮರುವರ್ಷ ಅದೇ ಲಂಡನ್ನಿನ ಬೀದಿಗಳಲ್ಲಿ ಅದಕ್ಕಿಂತ ಒಂದು ನಿಮಿಷ ಬೇಗ, 2 ಗಂಟೆ 26 ನಿಮಿಷ 52 ಸೆಕೆಂಡುಗಳಲ್ಲಿ ಓಡಿದರೂ ಕೆನ್ಯದ ಜಾಯ್ಸ್ ಚೆಪ್‌ಚುಂಬಾಗೆ ಸೋತಳು. ಸೋಲಿನ ಅಂತರ ಒಂದೇ ಒಂದು ಸೆಕೆಂಡು. ಇಪ್ಪತ್ತಾರು ಮೈಲಿ ಓಡಿ ಒಂದು ಸೆಕೆಂಡಿನಲ್ಲಿ ಸೋಲುವುದು! ಕೊನೆಯ ನುಗ್ಗು ಆಕೆಗೆ ಕೊನೆಯವರೆಗೂ ಒಲಿಯಲಿಲ್ಲ.

ಇನ್ನು ಉಳಿದ ಒಂದು ಪ್ರಸಂಗವನ್ನು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ. 2022ನೆಯ ಇಸವಿ ಆಗಸ್ಟ್ 3ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು. ಹೆಂಗಸರ 10,000 ಮೀಟರ್ ಓಟ. ಲಿಜ್ ನೋಡುವವರ ಸಾಲಿನಲ್ಲಿದ್ದಳು. ಹಾದಿಯಲ್ಲಿ, ಸ್ಕಾಟ್ಲೆಂಡಿನ ಅಂಗಿ ತೊಟ್ಟು, 31 ವರ್ಷದ ಐಲಿಶ್ ಮೆಕಾಲ್ಗನ್ ಓಡುತ್ತಿದ್ದಳು. ಟೋಕಿಯೋ ಗೆಲುವಿನ ಕಾಲಕ್ಕೆ ಒಂಬತ್ತು ತಿಂಗಳ ಕೂಸಾಗಿದ್ದ ಅದೇ ಐಲಿಶ್. ಕೊನೆಯ ಸುತ್ತಿನಲ್ಲಿ ಕೆನ್ಯದ ಐರೀನ್ ಚೆಪ್‌ಟಾಯ್ ಮುನ್ನುಗ್ಗಿ ಐಲಿಶ್‌ಳನ್ನು ಹಿಂದಿಕ್ಕಿದಳು. ಸೋಲ್ ನಗರದ ಆ ಹಳೆಯ ದೃಶ್ಯವೇ ಮರುಕಳಿಸುತ್ತಿದೆಯೆಂದು ತಾಯಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕೊನೆಯ ನೇರ ಹಾದಿಗೆ ಬಂದಾಗ ಮಗಳು ಮತ್ತೆ ವೇಗ ಕೂಡಿಸಿಕೊಂಡಳು. ಹಿಂದಿಕ್ಕಿದವಳನ್ನು ತಾನು ಹಿಂದಿಕ್ಕಿದಳು. ಒಂದು ಸೆಕೆಂಡಿಗಿಂತ ಕಡಿಮೆ ಅಂತರ. ಸಮಯ 30 ನಿಮಿಷ 48 ಸೆಕೆಂಡು. ಆ ಕ್ರೀಡೆಗಳ ಹೊಸ ದಾಖಲೆ. 1986ರಲ್ಲಿ, 1990ರಲ್ಲಿ ತಾಯಿ ಗೆದ್ದ ಪದಕವನ್ನು ಮಗಳು ಗೆದ್ದಳು. ತಾಯಿಗೆ ಒಲಿಯದ ಕೊನೆಯ ನುಗ್ಗಿನಿಂದಲೇ ಗೆದ್ದಳು. ಓಟ ಮುಗಿದೊಡನೆ ತಾಯಿ ಮಗಳು ಅಪ್ಪಿಕೊಂಡರು.

ಕೇಳುಗ ಮಹಾಶಯರೇ, ಒಬ್ಬ ಕ್ರೀಡಾಪಟುವಿನ ಸಾಧನೆಯನ್ನು ನಾವು ಸಾಮಾನ್ಯವಾಗಿ ಪದಕಗಳಿಂದ ಅಳೆಯುತ್ತೇವೆ. ಲಿಜ್ ಮೆಕಾಲ್ಗನ್‌ಳನ್ನು ಹಾಗೆ ಅಳೆದರೆ ಒಲಿಂಪಿಕ್ ಚಿನ್ನವೊಂದು ಕಡಿಮೆಯೇ. ಬೇರೊಂದು ಅಳತೆಗೋಲೂ ಉಂಟು. ಬರ್ಮಿಂಗ್‌ಹ್ಯಾಮಿನಲ್ಲಿ ಆ ದಿನ ಗೆರೆಯ ಮೇಲೆ ನಿಂತ ಹೆಣ್ಣುಮಕ್ಕಳನ್ನು ಕಂಡು, ಇವರು 25 ಸುತ್ತು ಓಡಬಲ್ಲರೆ ಎಂದು ಕೇಳಿದವರು ಯಾರೂ ಇರಲಿಲ್ಲ. ಯಾರು ಗೆಲ್ಲುವರು ಎಂದಷ್ಟೇ ಕೇಳಿದರು. ಮೊದಲನೆಯ ಪ್ರಶ್ನೆ ಅಳಿದು ಎರಡನೆಯದು ಮಾತ್ರ ಉಳಿದುದೇ ಆ ತಲೆಮಾರಿನ ಓಟಗಾತಿಯರ ನಿಜವಾದ ಗೆಲುವು. ನಮ್ಮ ಊರುಗಳಲ್ಲಿಯೂ ಬೆಳಗಿನ ಜಾವ ಶಾಲೆಯ ಬಯಲಿನಲ್ಲಿ ಓಡುವ ಹುಡುಗಿಯರಿದ್ದಾರೆ. ಅವರ ಹಿಂದೆ ಆಂಬ್ಯುಲೆನ್ಸ್ ಬಾರದಿರಬಹುದು. ನಮ್ಮ ನೋಟಗಳು ಹಿಂಬಾಲಿಸುತ್ತವೆ. ಅವು ಎಂಥ ನೋಟಗಳೆಂಬುದನ್ನು ನಾವೇ ವಿಚಾರಿಸಿಕೊಳ್ಳಬೇಕು.

(ಬಾನುಲಿ ಭಾಷಣ)